ಮೂಗಿನ ಮೆಲನೋಮ ಮತ್ತು ಪ್ರೋಟಾನ್ ಚಿಕಿತ್ಸೆ: ಹೊಸನಗರದಿಂದ ಚೆನ್ನೈಗೆ ಹೋಗಿ ಬಂದವಳ ಅನುಭವ

ನನಗೆ ಮೂಗಿನೊಳಗೆ ಮ್ಯೂಕೋಸಲ್ ಮೆಲನೋಮ ಎಂಬ ಕ್ಯಾನ್ಸರ್ ಇದೆ ಎಂದು ಗೊತ್ತಾದಾಗ ಕನ್ನಡದಲ್ಲಿ ಓದೋಣ ಎಂದರೆ ಏನೂ ಕೈಗೆ ಸಿಗಲಿಲ್ಲ. ಈಗ ಆಪರೇಷನ್ನೂ ಆಗಿದೆ, ಪ್ರೋಟಾನ್ ರೇಡಿಯೇಶನ್ನೂ ಮುಗಿದಿದೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಹೊಸನಗರದ ಕಡೆಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಹಾಗಾಗಿ ಕಾಗದಪತ್ರ, ದುಡ್ಡು ಮತ್ತು ಕಾಯುವ ಕೆಲಸದ ಬಗ್ಗೆಯೇ ಇಲ್ಲಿ ಜಾಸ್ತಿ ಇರುತ್ತದೆ.

ಶುರುವಾಗಿದ್ದು ಎಡ ಮೂಗು ಕಟ್ಟುವುದರಿಂದ. ಮಲೆನಾಡಿನ ಮಳೆಗಾಲದಲ್ಲಿ ಮೂಗು ಕಟ್ಟದವರು ಯಾರಿದ್ದಾರೆ? ಆಮೇಲೆ ಅದೇ ಹೊಳ್ಳೆಯಿಂದ ಆಗಾಗ ರಕ್ತ ಬರತೊಡಗಿತು. "ಹಳ್ಳದ ನೀರಲ್ಲಿ ಮುಖ ತೊಳೆದ್ಯೇನೆ? ಉಂಬಳ ಹೊಕ್ಕಿರಬೇಕು ನೋಡು" ಎಂದರು ಅತ್ತಿಗೆ. ತಮಾಷೆಗಲ್ಲ, ದನಗಳ ಮೂಗಿಗೆ ಉಂಬಳ ಹೊಕ್ಕಿದ್ದನ್ನು ನಾವೆಲ್ಲ ನೋಡಿದವರೇ. ಪಕ್ಕದ ಮನೆಯವರು ಮಂಗನ ಕಾಯಿಲೆ ಎಂದು ಹೆದರಿದರು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಆ ಕಾಯಿಲೆಯಲ್ಲೂ ಮೂಗಿನಿಂದ ರಕ್ತ ಬರುವುದುಂಟು. ಆದರೆ ಅದು ಚಳಿಗಾಲ ಬೇಸಿಗೆಯ ಕಾಯಿಲೆ, ಜ್ವರವಿಲ್ಲದೆ ಬರುವುದಿಲ್ಲ. ನನಗೆ ಜ್ವರದ ಸುಳಿವೇ ಇರಲಿಲ್ಲ. ನಮ್ಮೂರ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿ, "ಒಂದೇ ಕಡೆ ಕಟ್ಟುವುದು, ಒಂದೇ ಕಡೆ ರಕ್ತ. ಶಿವಮೊಗ್ಗಕ್ಕೆ ಹೋಗಿ ಮೂಗಿನ ಡಾಕ್ಟರಿಗೆ ತೋರಿಸಿ, ಮಳೆ ಬಿಡಲಿ ಅಂತ ಕಾಯಬೇಡಿ" ಎಂದರು. ಈ ಒಂದು ಮಾತನ್ನು ನಿಮ್ಮ ಮನೆಯವರಿಗೂ ಹೇಳಿಡಿ. ಶೀತ ಎರಡೂ ಹೊಳ್ಳೆಗೆ ಬರುತ್ತದೆ. ವಯಸ್ಸಾದವರಿಗೆ ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿಕೊಂಡು ರಕ್ತ ಬಂದರೆ ಕ್ಯಾಮೆರಾ ಹಾಕಿ ನೋಡುವ ಎಂಡೋಸ್ಕೋಪಿ ಮಾಡಿಸಲೇಬೇಕು.

ಶಿವಮೊಗ್ಗದಲ್ಲಿ ಮೂಗಿಗೆ ಮರಗಟ್ಟುವ ಸ್ಪ್ರೇ ಹೊಡೆದು, ತೆಳ್ಳಗಿನ ಕ್ಯಾಮೆರಾ ಹಾಕಿ ನೋಡಿದರು. ಪರದೆಯ ಮೇಲೆ ಕಪ್ಪು ಬಣ್ಣದ ಒಂದು ಗಡ್ಡೆ. ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಮೊದಲ ರಿಪೋರ್ಟಿನಲ್ಲಿ ಕ್ಯಾನ್ಸರ್ ಹೌದು, ಯಾವ ಜಾತಿಯದು ಎಂದು ಹೇಳಲು ಇನ್ನೂ ಪರೀಕ್ಷೆ ಬೇಕು ಎಂದಿತ್ತು. ಆ ಪರೀಕ್ಷೆಗೆ ಇಮ್ಯುನೊ ಹಿಸ್ಟೋ ಕೆಮಿಸ್ಟ್ರಿ ಎನ್ನುತ್ತಾರೆ. ಎಸ್-100, ಎಚ್‌ಎಂಬಿ-45, ಮೆಲನ್-ಎ ಎಂಬ ಗುರುತುಗಳು ಬಂದರೆ ಮೆಲನೋಮ. ನನ್ನ ರಿಪೋರ್ಟಿನಲ್ಲಿ ಮೂರೂ ಪಾಸಿಟಿವ್. ಹೆಸರಿಲ್ಲದ ಕ್ಯಾನ್ಸರ್ ಇಟ್ಟುಕೊಂಡು ಕಾಯುತ್ತಿದ್ದ ಆ ದಿನಗಳು ನನಗೆ ಆಪರೇಷನ್‌ಗಿಂತ ಕಷ್ಟವಾಗಿದ್ದವು. ರಾತ್ರಿ ಹಂಚಿನ ಮೇಲೆ ಮಳೆ ಹೊಡೆಯುವಾಗ ನಮ್ಮ ಮನೆಯವರೂ ಎಚ್ಚರ, ನಾನೂ ಎಚ್ಚರ. ಇಬ್ಬರೂ ನಿದ್ದೆ ಬಂದವರ ಹಾಗೆ ಮಲಗಿರುತ್ತಿದ್ದೆವು.

ಮೆಲನೋಮ ಎಂದರೆ ಬಿಳಿ ಚರ್ಮದವರಿಗೆ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಎಂದೇ ಎಲ್ಲ ಕಡೆ ಬರೆದಿರುತ್ತದೆ. ಮೂಗು, ಬಾಯಿಯ ಒಳಪದರದಲ್ಲಿ ಬರುವ ಇದು ಬೇರೆ. ಇದಕ್ಕೂ ಬಿಸಿಲಿಗೂ ಸಂಬಂಧವಿಲ್ಲ. ಒಟ್ಟು ಮೆಲನೋಮಗಳಲ್ಲಿ ಇದರ ಪಾಲು ಶೇಕಡ 1ರ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಲೆ ಮತ್ತು ಕುತ್ತಿಗೆಯ ಭಾಗದಲ್ಲೇ ಬರುತ್ತದೆ. ನಮ್ಮ ಡಾಕ್ಟರ್ ತಮ್ಮ ಇಡೀ ವೃತ್ತಿಯಲ್ಲಿ ಬೆರಳೆಣಿಕೆಯಷ್ಟು ನೋಡಿದ್ದೇನೆ ಎಂದರು. ಇನ್ನೊಂದು ವಿಷಯ: ರಿಪೋರ್ಟಿನಲ್ಲಿ ಗಡ್ಡೆಯ ಹಂತ ಟಿ3 ಎಂದು ನೋಡಿ ನಮ್ಮ ಮನೆಯವರು ಕುಸಿದು ಕುಳಿತರು. ಈ ಕಾಯಿಲೆಯ ಲೆಕ್ಕದಲ್ಲಿ ಟಿ1, ಟಿ2 ಇಲ್ಲವೇ ಇಲ್ಲ. ಗಡ್ಡೆ ಎಷ್ಟು ಚಿಕ್ಕದಿದ್ದರೂ ಟಿ3ರಿಂದಲೇ ಶುರು. ಮೂರು ಎಂದ ಮಾತ್ರಕ್ಕೆ ತಡವಾಯಿತು ಎಂದಲ್ಲ. ಹಾಗಂತ ಸುಲಭದ ಕಾಯಿಲೆಯೂ ಅಲ್ಲ, ಮತ್ತೆ ಬರುವ ಸ್ವಭಾವ ಇದಕ್ಕೆ ಜಾಸ್ತಿ.

ಎಂಆರ್‌ಐ ಆಯಿತು, ಬೇರೆ ಕಡೆ ಹರಡಿದೆಯೇ ಎಂದು ನೋಡುವ ಪೆಟ್ ಸ್ಕ್ಯಾನ್ ಆಯಿತು. ಪೆಟ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಶುಗರ್ ಇದ್ದವರು ಮೊದಲೇ ಹೇಳಿಬಿಡಿ, ಶುಗರ್ ಜಾಸ್ತಿ ಇದ್ದರೆ ವಾಪಸ್ ಕಳಿಸುತ್ತಾರೆ. ಬೇರೆ ಕಡೆ ಹರಡಿರಲಿಲ್ಲ. ಆಪರೇಷನ್ ಮಣಿಪಾಲದಲ್ಲಿ. ಹುಲಿಕಲ್ ಘಾಟಿಯಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ಬಸ್ಸಿನ ದೀಪ ಮಾತ್ರ ಕಾಣುತ್ತಿತ್ತು. ಮುಖ ಕೊಯ್ಯದೆ ಮೂಗಿನ ಒಳಗಿನಿಂದಲೇ ಗಡ್ಡೆ ತೆಗೆದರು. ಆಪರೇಷನ್ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ, ಮಲಗಿದೆ, ಎದ್ದೆ. ಮೂಗಿನಲ್ಲಿ ತುಂಬಿದ್ದ ಪ್ಯಾಕ್ ತೆಗೆಯುವಾಗ ಮಾತ್ರ ಕಣ್ಣಲ್ಲಿ ನಕ್ಷತ್ರ ಕಂಡವು.

ತೆಗೆದ ಗಡ್ಡೆಯ ರಿಪೋರ್ಟ್ ಬಂದಾಗ ಮುಂದಿನ ಪ್ರಶ್ನೆ ಎದ್ದಿತು. ಮೇಲಂಚಿನಲ್ಲಿ, ಅಂದರೆ ಕಣ್ಣಿನ ಗೂಡು ಮತ್ತು ಮೆದುಳಿನ ತಳದ ಕಡೆ, ಕ್ಯಾನ್ಸರಿಗೂ ಕೊಯ್ದ ಅಂಚಿಗೂ ಅಂತರ ತೀರಾ ಕಡಿಮೆ ಇತ್ತು. ರೇಡಿಯೇಶನ್ ಬೇಕು ಎಂದರು. ನಮ್ಮ ಕಡೆ ಕರೆಂಟ್ ಕೊಡುವುದು ಎನ್ನುತ್ತೇವಲ್ಲ, ಅದೇ. ರೇಡಿಯೇಶನ್ ಡಾಕ್ಟರ್ ನೇರವಾಗಿ ಹೇಳಿದರು: ಇದರಿಂದ ಅದೇ ಜಾಗದಲ್ಲಿ ಮರಳಿ ಬರುವ ಸಾಧ್ಯತೆ ಕಡಿಮೆಯಾಗುತ್ತದೆ, ಆದರೆ ಬೇರೆ ಅಂಗಕ್ಕೆ ಹರಡುವುದನ್ನು ಇದು ತಡೆಯುವುದಿಲ್ಲ. ಆಪರೇಷನ್ ಆದ ಮೇಲೆ ಆರು ವಾರದ ಒಳಗೆ ಶುರುವಾದರೆ ಒಳ್ಳೆಯದು ಎಂದೂ ಹೇಳಿದರು. ಮುಂದೆ ನಾವು ಓಡಿದ್ದೆಲ್ಲ ಈ ಆರು ವಾರದ ಬೆನ್ನಿಗೆ.

ಪ್ರೋಟಾನ್ ಎಂಬ ಹೆಸರು ಬಂದದ್ದೂ ಆಗಲೇ. ಸಾಮಾನ್ಯ ರೇಡಿಯೇಶನ್ ಎಕ್ಸ್‌ರೇ ಜಾತಿಯದು. ಅದು ಗುರಿ ಮುಟ್ಟಿದ ಮೇಲೂ ನಿಲ್ಲದೆ ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ಪ್ರೋಟಾನ್ ಹಾಗಲ್ಲ. ಎಷ್ಟು ಶಕ್ತಿ ಕೊಟ್ಟು ಬಿಟ್ಟರೆ ಅಷ್ಟು ಆಳಕ್ಕೆ ಹೋಗಿ, ಕೊನೆಯಲ್ಲಿ ತನ್ನ ಬಲವನ್ನೆಲ್ಲ ಸುರಿದು ಅಲ್ಲೇ ನಿಲ್ಲುತ್ತದೆ. ಉದ್ದನೆಯ ದೋಟಿಯಿಂದ ಅಡಿಕೆ ಗೊನೆಗೆ ಬೋರ್ಡೋ ಮದ್ದು ಹೊಡೆಯುವುದನ್ನು ಬಲ್ಲ ನಮ್ಮ ಮನೆಯವರಿಗೆ ಇದು ತಕ್ಷಣ ಅರ್ಥವಾಯಿತು. "ದೋಟಿ ಉದ್ದ ಸರಿ ಇದ್ದರೆ ಬೋರ್ಡೋ ಗೊನೆಗೇ ಬೀಳುತ್ತದೆ, ಮರದ ಆಚೆ ಹೋಗಿ ವೇಸ್ಟ್ ಆಗುವುದಿಲ್ಲ, ಅಷ್ಟೇ ತಾನೆ?" ಎಂದರು. ಡಾಕ್ಟರ್ ನಕ್ಕು, ಹೆಚ್ಚುಕಮ್ಮಿ ಅಷ್ಟೇ ಎಂದರು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪ್ರೋಟಾನ್ ಎಂದರೆ ಹೆಚ್ಚು ಬಲವಾದ ಮದ್ದು ಎಂದು ಎಲ್ಲರೂ ತಿಳಿದಿದ್ದಾರೆ. ನನ್ನ ತಮ್ಮನೂ ಹಾಗೇ ತಿಳಿದು ಸೈಟ್ ಮಾರಲು ಹೊರಟಿದ್ದ. ಈ ಕಾಯಿಲೆ ಅಪರೂಪದ್ದಾದ್ದರಿಂದ ಪ್ರೋಟಾನನ್ನೂ ಸಾಮಾನ್ಯ ರೇಡಿಯೇಶನ್ನನ್ನೂ ಎದುರುಬದುರು ಇಟ್ಟು ನೋಡಿದ ದೊಡ್ಡ ಪ್ರಯೋಗ ನಡೆದಿಲ್ಲ. ಪ್ರೋಟಾನಿನ ಲಾಭ ಇರುವುದು ಅಕ್ಕಪಕ್ಕದ ಅಂಗಗಳನ್ನು ಉಳಿಸುವುದರಲ್ಲಿ. ಕಣ್ಣಿನ ನರ ಸಾಮಾನ್ಯವಾಗಿ 54 ಗ್ರೇ (ಗ್ರೇ ಎಂದರೆ ರೇಡಿಯೇಶನ್ ಡೋಸಿನ ಅಳತೆ) ತನಕ ತಡೆಯುತ್ತದೆ ಎಂಬ ಲೆಕ್ಕ ಇದೆ. ಗಡ್ಡೆ ಇದ್ದ ಜಾಗಕ್ಕೆ ಅದಕ್ಕಿಂತ ಹೆಚ್ಚು ಬೇಕು. ನನಗೆ ಇವೆರಡರ ನಡುವೆ ಇದ್ದದ್ದು ಕೆಲವೇ ಮಿಲಿಮೀಟರ್. ಹಾಗಾಗಿ ನಾವು ಕೇಳಿದ್ದು ಒಂದೇ: ಎರಡೂ ಬಗೆಯ ಪ್ಲಾನ್ ಮಾಡಿ, ಕಣ್ಣಿನ ನರಕ್ಕೆ, ಮೆದುಳಿಗೆ, ಬಲಗಣ್ಣಿಗೆ ಎಷ್ಟೆಷ್ಟು ಬೀಳುತ್ತದೆ ಎಂದು ಪಕ್ಕಪಕ್ಕದಲ್ಲಿ ತೋರಿಸಿ. ಕೇಳಿದರೆ ತೋರಿಸುತ್ತಾರೆ. ನನ್ನ ವಿಷಯದಲ್ಲಿ ವ್ಯತ್ಯಾಸ ದೊಡ್ಡದಿತ್ತು. ನಿಮ್ಮ ಗಡ್ಡೆ ಮೂಗಿನ ಕೆಳಭಾಗದಲ್ಲೋ ಬಾಯಿಯ ಅಂಗುಳಿನಲ್ಲೋ ಇದ್ದರೆ ವ್ಯತ್ಯಾಸ ಚಿಕ್ಕದಿರಬಹುದು, ಆಗ ಮಂಗಳೂರು, ಮಣಿಪಾಲ, ಬೆಂಗಳೂರಿನ ಸಾಮಾನ್ಯ ರೇಡಿಯೇಶನ್ನೇ ಸಾಕಾಗಬಹುದು. ಹೋಲಿಸಿದ ಪ್ಲಾನ್ ಕಣ್ಣಾರೆ ನೋಡುವ ತನಕ ಆಸ್ತಿ ಮಾರುವ ಮಾತು ಬೇಡ.

ನಾವು ವಿಚಾರಿಸಿದ್ದು ಎರಡು ಕಡೆ. ಚೆನ್ನೈನ ತರಮಣಿಯಲ್ಲಿ ಅಪೋಲೋದವರ ಪ್ರೋಟಾನ್ ಕೇಂದ್ರ 2019ರಿಂದ ಇದೆ. ನವಿ ಮುಂಬೈನ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರದು 2023ರಲ್ಲಿ ಶುರುವಾಯಿತು. ಅದು ಸರ್ಕಾರಿ ಸಂಸ್ಥೆ, ಖರ್ಚು ಖಾಸಗಿಗಿಂತ ಬಹಳ ಕಡಿಮೆ. ಇಬ್ಬರಿಗೂ ಒಂದೇ ದಿನ ರಿಪೋರ್ಟ್ ಕಳಿಸಿ. ಒಬ್ಬರು ಉತ್ತರ ಕೊಟ್ಟ ಮೇಲೆ ಇನ್ನೊಬ್ಬರಿಗೆ ಎಂದರೆ ಆರು ವಾರ ಹಾಗೇ ಕರಗುತ್ತದೆ. ನಮಗೆ ತಮ್ಮನಿರುವ ಬೆಂಗಳೂರು ದಾರಿಯಲ್ಲೇ ಸಿಗುತ್ತದೆ ಎಂದು ಚೆನ್ನೈ ಆರಿಸಿದೆವು.

ಮೊದಲ ಅಡ್ಡಿ ಬ್ಲಾಕ್ ರೂಪದಲ್ಲಿ ಬಂತು. ಬಯಾಪ್ಸಿ ಚೂರನ್ನು ಮೇಣದಲ್ಲಿ ಕೂರಿಸಿಟ್ಟಿರುತ್ತಾರೆ, ಅದೇ ಬ್ಲಾಕ್. ಹೊಸ ಆಸ್ಪತ್ರೆಯವರು ತಮ್ಮಲ್ಲೇ ಇನ್ನೊಮ್ಮೆ ನೋಡಬೇಕು, ಸ್ಲೈಡ್ ಮತ್ತು ಬ್ಲಾಕ್ ತನ್ನಿ ಎಂದರು. ಮೊದಲು ಪರೀಕ್ಷೆ ಮಾಡಿದ್ದ ಲ್ಯಾಬಿನವರು ಇವತ್ತು ಸಹಿ ಹಾಕುವವರಿಲ್ಲ, ನಾಳೆ ಬನ್ನಿ ಎಂದು ಓಡಾಡಿಸಿದರು. ಕೊನೆಗೆ ಅವರಿಗೆ ಬೇಕಿದ್ದದ್ದು ಚೆನ್ನೈ ಡಾಕ್ಟರರ ಲೆಟರ್‌ಹೆಡ್ಡಿನಲ್ಲಿ ಒಂದು ಕೋರಿಕೆ ಪತ್ರ, ರೋಗಿಯ ಸಹಿ, ಆಧಾರ್ ಜೆರಾಕ್ಸ್. ಇಷ್ಟನ್ನು ಮೊದಲ ದಿನವೇ ಹೇಳಬಹುದಿತ್ತು, ಅಲ್ವಾ? ನೀವು ಆಪರೇಷನ್ ಆದ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗಲೇ ಬ್ಲಾಕ್ ಪಡೆಯುವ ಕ್ರಮ ಏನು ಎಂದು ಕೇಳಿಟ್ಟುಕೊಳ್ಳಿ. ಬ್ಲಾಕನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ. ಎಂಆರ್‌ಐಯ ಫಿಲ್ಮ್ ಸಾಲದು, ಸಿಡಿ ಬೇಕು.

ಎರಡನೆಯ ಅಡ್ಡಿ ಹಲ್ಲು. ರೇಡಿಯೇಶನ್ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯುವ ಅಪಾಯ ಇದೆ. ಹಾಗಾಗಿ ಹುಳುಕು ಹಲ್ಲು ಇದ್ದರೆ ಮುಂಚೆಯೇ ಕೀಳಬೇಕು, ಕಿತ್ತ ಗಾಯ ಮಾಯಲು ಹತ್ತು ದಿನದಿಂದ ಎರಡು ವಾರ ಬಿಡಬೇಕು. ನನ್ನ ಮೇಲ್ದವಡೆಯ ಎರಡು ಹಲ್ಲು ಹೋದವು. ಆರು ವಾರದಲ್ಲಿ ಇದೂ ಒಂದು ಪಾಲು ತಿಂದಿತು. ಮೂಗಿನ ಗಾಯ ಮಾಯುತ್ತಿರುವಾಗಲೇ ಊರಿನ ಹತ್ತಿರದ ಹಲ್ಲಿನ ಡಾಕ್ಟರಿಗೆ ತೋರಿಸಿಬಿಡಿ. ಯಾರೂ ಹೇಳುವ ತನಕ ಕಾಯಬೇಕಿಲ್ಲ.

ಈಗ ದುಡ್ಡಿನ ಮಾತು. ಖಾಸಗಿಯಲ್ಲಿ ಪ್ರೋಟಾನ್ ಕೋರ್ಸಿಗೆ 20ರಿಂದ 30 ಲಕ್ಷ ಎಂದು ಇಟ್ಟುಕೊಳ್ಳಿ. ಆಯುಷ್ಮಾನ್ ಕಾರ್ಡಿನ ಮಿತಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ನಮ್ಮಂಥ ಎಪಿಎಲ್‌ನವರಿಗೆ ಇನ್ನೂ ಕಡಿಮೆ. ನಮ್ಮ ಬಳಿ 10 ಲಕ್ಷದ ಒಂದು ಆರೋಗ್ಯ ಪಾಲಿಸಿ ಇತ್ತು, ಆಪರೇಷನ್ನಿಗೆ ಅದರಲ್ಲಿ ಒಂದಿಷ್ಟು ಹೋಗಿತ್ತು. ಉಳಿದದ್ದಕ್ಕೆ ಅರ್ಜಿ ಹಾಕಿದರೆ ವಿಮಾ ಕಂಪನಿ ಮೊದಲು ಇಲ್ಲ ಎಂದಿತು. ಕೊಟ್ಟ ಕಾರಣ, ಇದು ಪ್ರಾಯೋಗಿಕ ಚಿಕಿತ್ಸೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಕೊಟ್ಟ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಮದ್ದು) ಇದೆ, ರೋಬೋಟ್ ಸರ್ಜರಿ ಇದೆ, ಪ್ರೋಟಾನ್ ಹೆಸರು ಮಾತ್ರ ಇಲ್ಲ. ಲೆಕ್ಕದವಳಾದ್ದರಿಂದ ಪಾಲಿಸಿಯನ್ನು ಕೂತು ಓದಿದೆ. ಡೇ ಕೇರ್, ಅಂದರೆ ರಾತ್ರಿ ಉಳಿಯದೆ ಪಡೆಯುವ ಚಿಕಿತ್ಸೆಗಳ ಪಟ್ಟಿಯಲ್ಲಿ ರೇಡಿಯೊಥೆರಪಿ ಎಂದು ಇತ್ತು, ಯಾವ ಕಿರಣ ಎಂದು ಇರಲಿಲ್ಲ. ಡಾಕ್ಟರರಿಂದ ಒಂದು ಪುಟದ ಪತ್ರ ಬರೆಸಿದೆವು: ಇದು ರೇಡಿಯೊಥೆರಪಿಯ ಒಂದು ಬಗೆ, ಕಣ್ಣಿನ ನರ ಇಷ್ಟು ಹತ್ತಿರ ಇದೆ, ಎರಡು ಪ್ಲಾನಿನ ಅಂಕಿ ಇಲ್ಲಿದೆ ಎಂದು. ಜೊತೆಗೆ ಬೇರೆ ಬೇರೆ ವಿಭಾಗದ ಡಾಕ್ಟರರು ಸೇರಿ ತೀರ್ಮಾನಿಸುವ ಟ್ಯೂಮರ್ ಬೋರ್ಡಿನ ಶಿಫಾರಸು. ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಮಾಡಿ, ವಿಮೆಯ ದೂರು ಕೇಳುವ ಒಂಬುಡ್ಸ್‌ಮನ್ ಬಳಿ ಹೋಗುವುದಾಗಿ ಬರೆದೆವು. ಕೊನೆಗೆ ಉಳಿದ ಮೊತ್ತ ಮಂಜೂರಾಯಿತು, ಅದೂ ಚಿಕಿತ್ಸೆ ಅರ್ಧ ಆದ ಮೇಲೆ. ಅಲ್ಲಿಯ ತನಕ ಕೈಯಿಂದಲೇ ಕಟ್ಟಬೇಕು ಎಂದು ತಿಳಿದುಕೊಂಡೇ ಹೊರಡಿ. ಮಿಕ್ಕಿದ್ದಕ್ಕೆ ಮನೆಯಲ್ಲಿದ್ದ ಹಳೆ ಅಡಿಕೆ ಮಂಡಿಗೆ ಹೋಯಿತು, ನನ್ನ ಬಳೆ, ಸರ ಬ್ಯಾಂಕಿಗೆ ಹೋದವು.

ಚೆನ್ನೈನಲ್ಲಿ ಒಂದು ಕೋಣೆ, ಒಂದು ಒಲೆ ಇರುವ ಬಾಡಿಗೆ ಮನೆ ಹಿಡಿದೆವು. ತಿಂಗಳಿಗೆ 20 ಸಾವಿರದ ಮೇಲೆ. ದುಬಾರಿ ಅನ್ನಿಸಿತು, ಆದರೆ ಬಾಯಿ ಹುಣ್ಣಾದ ಮೇಲೆ ಹೋಟೆಲ್ ಊಟ ಆಗುವುದಿಲ್ಲ, ಅಡುಗೆ ಮಾಡಿಕೊಳ್ಳುವ ಜಾಗ ಬೇಕೇ ಬೇಕು. ರೈಲಿಗೆ ಕ್ಯಾನ್ಸರ್ ರೋಗಿಗಳ ರಿಯಾಯಿತಿ ಇದೆ. ಸ್ಲೀಪರ್ ಮತ್ತು ಮೂರು ಹಂತದ ಎಸಿಯಲ್ಲಿ ರೋಗಿಗೆ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ ಮುಕ್ಕಾಲು ಪಾಲು ಕಡಿತ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯವರ ಸಹಿ, ಸೀಲು ಬೇಕು.

ಮೊದಲು ಮುಖವಾಡ. ಬಿಸಿ ನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು, ತಣ್ಣಗಾಗುವ ತನಕ ಒತ್ತಿ ಹಿಡಿಯುತ್ತಾರೆ. ಪ್ರತಿದಿನ ಅದೇ ಮುಖವಾಡ ಹಾಕಿ ಟೇಬಲ್ಲಿಗೆ ಕ್ಲಿಪ್ ಮಾಡುತ್ತಾರೆ. ಕಣ್ಣು ಬಿಡಲಾಗುವುದಿಲ್ಲ, ಬಾಯಿ ತೆರೆಯಲಾಗುವುದಿಲ್ಲ, ಆಪರೇಷನ್ ಆದ ಮೂಗಿನಲ್ಲಿ ಉಸಿರು ಸರಿಯಾಗಿ ಓಡುವುದಿಲ್ಲ. ನನಗೆ ಎದೆ ಹಾರಿತು. ಕೈಯಲ್ಲಿ ಒಂದು ಬೆಲ್ ಕೊಟ್ಟಿರುತ್ತಾರೆ, ಒತ್ತಿದರೆ ತಕ್ಷಣ ಬಂದು ಬಿಚ್ಚುತ್ತಾರೆ. ಬಿಚ್ಚುತ್ತಾರೆ ಎಂದು ಒಮ್ಮೆ ಒತ್ತಿ ನೋಡಿಕೊಂಡ ಮೇಲೆ ಭಯ ಇಳಿಯಿತು. ಮುಖವಾಡದಲ್ಲೇ ಸಿಟಿ ಸ್ಕ್ಯಾನ್ ತೆಗೆದು, ಪ್ಲಾನ್ ಮಾಡಿ, ಪರೀಕ್ಷಿಸಿ ಕರೆಯಲು ಮತ್ತೆ ಒಂದು ವಾರದ ಮೇಲೆ ಹಿಡಿಯುತ್ತದೆ.

ಚಿಕಿತ್ಸೆ ಸೋಮವಾರದಿಂದ ಶುಕ್ರವಾರ, ಆರು ವಾರಕ್ಕೂ ಮೀರಿ ನಡೆಯಿತು. ಕಿರಣ ಬೀಳುವುದು ಒಂದೆರಡು ನಿಮಿಷ. ಉಳಿದದ್ದೆಲ್ಲ ಮಲಗಿಸಿ, ಎಕ್ಸ್‌ರೇ ತೆಗೆದು, ಮಿಲಿಮೀಟರ್ ಲೆಕ್ಕದಲ್ಲಿ ಸರಿಪಡಿಸುವ ಕೆಲಸ. ಪ್ರೋಟಾನ್ ತಯಾರಾಗುವುದು ಸೈಕ್ಲೋಟ್ರಾನ್ ಎಂಬ ಒಂದೇ ಯಂತ್ರದಲ್ಲಿ, ಕೋಣೆಗಳು ಮಾತ್ರ ಹಲವು. ಪಕ್ಕದ ಕೋಣೆಗೆ ಕಿರಣ ಹೋಗುತ್ತಿದ್ದರೆ ನಮ್ಮ ಸರದಿ ಬರುವ ತನಕ ಮುಖವಾಡದಲ್ಲೇ ಕಾಯಬೇಕು. ಅರಿವಳಿಕೆ ಕೊಟ್ಟ ಚಿಕ್ಕ ಮಕ್ಕಳನ್ನು ಮೊದಲು ಬಿಡುತ್ತಾರೆ. ಅವರನ್ನು ಕಂಡ ಮೇಲೆ ತಡವಾಯಿತು ಎಂದು ಗೊಣಗಲು ಬಾಯಿ ಬರುವುದಿಲ್ಲ. ಇಂಥ ದೊಡ್ಡ ಯಂತ್ರಕ್ಕೆ ರಿಪೇರಿಯೂ ಬರುತ್ತದೆ, ವಾಪಸ್ ಟಿಕೆಟ್ ಮಾಡುವಾಗ ಒಂದು ವಾರ ಕೈಯಲ್ಲಿಟ್ಟುಕೊಳ್ಳಿ.

ಕಿರಣ ಬೀಳುವಾಗ ನೋವಿಲ್ಲ. ಆದರೆ ಮುಚ್ಚಿದ ಕಣ್ಣಿನೊಳಗೆ ನೀಲಿ ಬೆಳಕು ಮಿಂಚಿತು, ಬ್ಲೀಚಿಂಗ್ ಪೌಡರಿನಂಥ ವಾಸನೆ ಬಂತು. ಕಣ್ಣಿಗೇ ಏನೋ ಆಯಿತು ಎಂದು ನಡುಗಿದೆ. ಕಣ್ಣು, ಮೂಗಿನ ಹತ್ತಿರ ರೇಡಿಯೇಶನ್ ತೆಗೆದುಕೊಳ್ಳುವ ಹಲವರಿಗೆ ಹೀಗಾಗುತ್ತದಂತೆ, ಹೆದರುವುದು ಬೇಡ.

ಅರ್ಧದಾರಿಯಲ್ಲಿ ಮತ್ತೆ ಸಿಟಿ ಮಾಡಿದರು. ಮರುದಿನ ಚಿಕಿತ್ಸೆ ಇಲ್ಲ, ಹೊಸ ಪ್ಲಾನ್ ಮಾಡಬೇಕು ಎಂದಾಗ ಗಡ್ಡೆ ಬೆಳೆದಿದೆಯೇನೋ ಎಂದು ಕೈಕಾಲು ತಣ್ಣಗಾದವು. ವಿಷಯ ಅದಲ್ಲ. ಪ್ರೋಟಾನ್ ಎಲ್ಲಿ ನಿಲ್ಲುತ್ತದೆ ಎಂಬುದು ಅದು ಹಾದುಹೋಗುವ ದಾರಿಯ ಮೇಲೆ ನಿಂತಿದೆ. ಗಾಳಿಯಲ್ಲಿ ಮುಂದೆ ಓಡುತ್ತದೆ, ಸಿಂಬಳ, ಊತ ಇದ್ದಲ್ಲಿ ಬೇಗ ನಿಲ್ಲುತ್ತದೆ. ಮೊದಲ ಸಿಟಿಯಲ್ಲಿ ಖಾಲಿಯಾಗಿದ್ದ ನನ್ನ ಸೈನಸ್, ಅಂದರೆ ಮೂಗಿನ ಪಕ್ಕದ ಟೊಳ್ಳು, ಈಗ ತುಂಬಿಕೊಂಡಿತ್ತು. ಹಳೆ ಪ್ಲಾನಿನಲ್ಲೇ ಬಿಟ್ಟರೆ ಕಿರಣ ಗುರಿ ಮುಟ್ಟುವ ಮೊದಲೇ ನಿಂತುಬಿಡುತ್ತಿತ್ತು. ಸಾಮಾನ್ಯ ರೇಡಿಯೇಶನ್‌ನಲ್ಲಿ ಇದು ಇಷ್ಟು ದೊಡ್ಡ ವಿಷಯವಲ್ಲ, ಪ್ರೋಟಾನಿನಲ್ಲಿ ದೊಡ್ಡದೇ. ತೂಕ ಇಳಿದು ಮುಖವಾಡ ಸಡಿಲವಾದರೂ ಹೀಗೇ. ಮೂಗು ತೊಳೆಯಿರಿ ಎಂದು ನರ್ಸ್ ದಿನಾ ಯಾಕೆ ಹೇಳುತ್ತಿದ್ದರು ಎಂದು ಆವತ್ತು ತಿಳಿಯಿತು. ನಡುವೆ ಸಿಟಿ ಯಾವಾಗ ಮಾಡುತ್ತೀರಿ, ಪ್ಲಾನ್ ಬದಲಿಸಿದರೆ ಬೇರೆ ಬಿಲ್ ಬರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಮೂರನೆಯ ವಾರದಿಂದ ಅಂಗುಳಿನಲ್ಲಿ ಹುಣ್ಣು. ನಾಲಿಗೆಗೆ ಉಪ್ಪೂ ಇಲ್ಲ, ಸಿಹಿಯೂ ಇಲ್ಲ. ಅಪ್ಪೆಮಿಡಿ ನೆನೆಸಿಕೊಂಡು ಗಂಜಿ ಕುಡಿದೆ. ಖಾರ, ಹುಳಿ ಇಲ್ಲದ ಸಪ್ಪೆ ತಂಬುಳಿ, ನುಣ್ಣಗೆ ಅರೆದ ಹೆಸರುಬೇಳೆ, ಡಾಕ್ಟರ್ ಬರೆದ ಪ್ರೋಟೀನ್ ಪುಡಿ, ಇವುಗಳಲ್ಲೇ ತೂಕ ಹಿಡಿದಿಟ್ಟೆ. ಎಡಗೆನ್ನೆ ಕೆಂಪಾಗಿ ಸಿಪ್ಪೆ ಎದ್ದಿತು. ಅತ್ತಿಗೆ ಫೋನಿನಲ್ಲಿ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚು ಎನ್ನುತ್ತಲೇ ಇದ್ದರು. ಡಾಕ್ಟರ್ ಹೇಳಿದ ಮುಲಾಮು ಬಿಟ್ಟು ಬೇರೇನೂ ಹಚ್ಚಲಿಲ್ಲ. ಸುಸ್ತು ಮಾತ್ರ ಹೇಳತೀರದು, ಮಧ್ಯಾಹ್ನ ಮಲಗಿದರೆ ಸಂಜೆ ಯಾವುದು, ಬೆಳಗು ಯಾವುದು ತಿಳಿಯುತ್ತಿರಲಿಲ್ಲ.

ಊರಿಗೆ ಬಂದ ಮೇಲೂ ಮೂಗು ತೊಳೆಯುವ ಕೆಲಸ ಬಿಟ್ಟಿಲ್ಲ, ಒಳಗೆ ಹಕ್ಕಳೆ ಕಟ್ಟುತ್ತಲೇ ಇರುತ್ತದೆ. ನಮ್ಮ ಅಬ್ಬಿ ನೀರು ಎಷ್ಟೇ ತಿಳಿಯಿದ್ದರೂ ಕುದಿಸಿ ಆರಿಸಿಯೇ ಬಳಸಬೇಕು. ರುಚಿ ಮೆಲ್ಲಗೆ ಮರಳುತ್ತಿದೆ, ವಾಸನೆ ಎಡಗಡೆ ಇಲ್ಲ. ಕಣ್ಣಿಗೆ ದಿನಾ ಹನಿ ಹಾಕಿಕೊಳ್ಳುತ್ತೇನೆ, ನೋಟ ಸರಿಯಿದೆ. ಇಮ್ಯುನೊಥೆರಪಿ ಬೇಕೇ ಎಂಬ ಮಾತು ಇನ್ನೂ ನಡೆಯುತ್ತಿದೆ. ಮೂರು ತಿಂಗಳಿಗೆ ಎಂಆರ್‌ಐ, ಆಮೇಲೆ ಪೆಟ್. ಆ ತನಕ ಕಾಯಿಲೆ ಹೋಯಿತಾ ಎಂದು ಕೇಳುವವರಿಗೆ ಸ್ಕ್ಯಾನ್ ಆಗಲಿ ಎನ್ನುತ್ತೇನೆ.

ಕಾಗದದ ವಿಷಯ ಎರಡು ಬಾಕಿ ಇದೆ. ಹಳೆ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ಕ್ಯಾನ್ಸರಿನಂಥ ಕಾಯಿಲೆಯ ಚಿಕಿತ್ಸೆಯ ಖರ್ಚೆಂದು (1961ರ ಕಾಯ್ದೆಯಲ್ಲಿ 80ಡಿಡಿಬಿ) ಆದಾಯದಿಂದ 40,000 ರೂಪಾಯಿ ತನಕ, ಹಿರಿಯ ನಾಗರಿಕರಿಗೆ 1 ಲಕ್ಷದ ತನಕ ಕಳೆಯಲು ಬರುತ್ತದೆ. ವಿಮೆಯಿಂದ ಬಂದದ್ದನ್ನು ಅದರಲ್ಲಿ ವಜಾ ಮಾಡಬೇಕು, ತಜ್ಞ ಡಾಕ್ಟರರ ಚೀಟಿ ಬೇಕು. ಇನ್ನೊಂದು, ಚಿಕಿತ್ಸೆ ಮುಗಿದ ದಿನ ಸಾರಾಂಶದ ಹಾಳೆ ಮಾತ್ರ ತೆಗೆದುಕೊಂಡು ಬರಬೇಡಿ. ಎಲ್ಲಿಗೆ ಎಷ್ಟು ಡೋಸ್ ಬಿದ್ದಿದೆ ಎಂಬ ಪೂರ್ತಿ ಪ್ಲಾನಿನ ಡಿಜಿಟಲ್ ಪ್ರತಿಯನ್ನು ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ಕೇಳಿ ಪಡೆಯಿರಿ. ಮುಂದೆ ಎಂದಾದರೂ ಅದೇ ಜಾಗಕ್ಕೆ ಮತ್ತೆ ರೇಡಿಯೇಶನ್ ಬೇಕಾದರೆ, ಯಾವ ಊರಿನ ಡಾಕ್ಟರೇ ಆಗಲಿ, ಮೊದಲು ಕೇಳುವುದು ಅದನ್ನೇ. ನಾನು ಒಂದು ಪ್ರತಿ ತಮ್ಮನ ಬಳಿ ಬೆಂಗಳೂರಿನಲ್ಲಿ ಇಟ್ಟಿದ್ದೇನೆ. ನಮ್ಮ ಮನೆಯ ಮಳೆಗಾಲದ ಥಂಡಿಗೆ ಸಿಡಿ ಬೂಸ್ಟು ಹಿಡಿಯುತ್ತದೆ.